ಮೇಸೀಸ್ ಮಳಿಗೆ ಯಾರ ಮನೆತನದ್ದು? ಎರಡು ವಂಶಾವಳಿಗಳ ಗಂಟು ಬಿಡಿಸುವ ಬಗೆ

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿರುವ ಕನ್ನಡಿಗ. ನಮ್ಮ ಕನ್ನಡ ಕೂಟದ ಸಂಚಿಕೆಗೆ ನ್ಯೂಯಾರ್ಕಿನ ಮೇಸೀಸ್ ಮಳಿಗೆಯ ಸ್ಥಾಪಕರ ಕುಟುಂಬದ ಬಗ್ಗೆ ಬರೆಯಲು ಹೊರಟಿದ್ದೇನೆ. ಟೈಟಾನಿಕ್ ಹಡಗಿನಲ್ಲಿ ಒಟ್ಟಿಗೇ ಪ್ರಾಣಬಿಟ್ಟ ವೃದ್ಧ ದಂಪತಿಯೇ ಮೇಸೀಸ್ ಸ್ಥಾಪಕರು ಎಂದು ಹಲವೆಡೆ ಓದಿದೆ. ಆದರೆ ಅವರ ಹೆಸರು ಸ್ಟ್ರೌಸ್. ಹಾಗಿದ್ದರೆ ಮೇಸಿ ಯಾರು? ಅವನ ಮಕ್ಕಳು ಏನಾದರು? ಇಂಥ ಕುಟುಂಬದ ಚರಿತ್ರೆಯನ್ನು ದಾಖಲೆ ನೋಡಿ ಬರೆಯಬೇಕಾದರೆ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಟೈಟಾನಿಕ್‌ನಲ್ಲಿ ತೀರಿಕೊಂಡ ಐಸಿಡೋರ್ ಸ್ಟ್ರೌಸ್ ಮೇಸೀಸ್‌ನ ಸ್ಥಾಪಕ ಅಲ್ಲ, ಅದರ ಮಾಲೀಕ. ಸ್ಥಾಪಕ ರೋಲಂಡ್ ಹಸ್ಸಿ ಮೇಸಿ ಅದಕ್ಕೆ 35 ವರ್ಷ ಮೊದಲೇ, 1877ರ ಮಾರ್ಚ್‌ನಲ್ಲಿ, ಪ್ಯಾರಿಸ್‌ನಲ್ಲಿ ಸತ್ತಿದ್ದ. ಎರಡು ಕುಟುಂಬಗಳ ನಡುವೆ ರಕ್ತಸಂಬಂಧವೂ ಇಲ್ಲ, ಮದುವೆ ಸಂಬಂಧವೂ ಇಲ್ಲ. ಒಂದು ಅಟ್ಲಾಂಟಿಕ್‌ನ ಪುಟ್ಟ ದ್ವೀಪದ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆತನ, ಇನ್ನೊಂದು ಜರ್ಮನಿಯ ರೈನ್ ಪ್ರಾಂತ್ಯದಿಂದ ಬಂದ ಯಹೂದಿ ಮನೆತನ.

ಆದ್ದರಿಂದ ಮೊದಲ ಕೆಲಸ, ಎರಡು ಹಾಳೆ ತೆಗೆದುಕೊಳ್ಳಿ. ಒಂದರಲ್ಲಿ ವಂಶಾವಳಿ, ಇನ್ನೊಂದರಲ್ಲಿ ಪಾಲುದಾರಿಕೆಯ ಪಟ್ಟಿ: ಯಾವ ವರ್ಷ ಯಾರು ಒಳಗೆ ಬಂದರು, ಯಾರು ಹೊರಗೆ ಹೋದರು, ಸಾವಿನಿಂದಲೋ ಮಾರಾಟದಿಂದಲೋ. ಇವೆರಡನ್ನೂ ಒಂದೇ ಚಿತ್ರದಲ್ಲಿ ಬರೆಯಲು ಹೋದವರೇ ಐಸಿಡೋರ್‌ನನ್ನು ಸ್ಥಾಪಕನನ್ನಾಗಿ ಮಾಡಿದ್ದು. ಬೋರ್ಡಿನ ಮೇಲಿನ ಹೆಸರು ಬದಲಾಗದೇ ಇದ್ದರೆ ಒಡೆತನವೂ ಬದಲಾಗಿಲ್ಲ ಎಂದು ಓದುಗ ತಾನಾಗಿ ಅಂದುಕೊಳ್ಳುತ್ತಾನೆ.

ಮೊದಲು ಮೇಸಿಯ ಹಾಳೆ. ಅವನು ಹುಟ್ಟಿದ್ದು 1822ರಲ್ಲಿ, ಮ್ಯಾಸಚೂಸೆಟ್ಸ್‌ಗೆ ಸೇರಿದ ನ್ಯಾಂಟಕೆಟ್ ದ್ವೀಪದಲ್ಲಿ. ಹದಿನೈದರ ಪ್ರಾಯದಲ್ಲಿ ‘ಎಮಿಲಿ ಮಾರ್ಗನ್’ ಎಂಬ ತಿಮಿಂಗಿಲ ಬೇಟೆಯ ಹಡಗು ಹತ್ತಿದ. 1844ರಲ್ಲಿ ಲೂಯಿಸಾ ಹೌಟನ್‌ಳನ್ನು ಮದುವೆಯಾದ. ಆಮೇಲೆ ಸಾಲುಸಾಲಾಗಿ ಜವಳಿ ಅಂಗಡಿಗಳನ್ನು ತೆರೆದು ಮುಚ್ಚಿದ. ಚಿನ್ನದ ಹುಚ್ಚು ಹಿಡಿದ ಕಾಲದಲ್ಲಿ ಅಣ್ಣತಮ್ಮ ಇಬ್ಬರೂ ಕ್ಯಾಲಿಫೋರ್ನಿಯಾದ ಮೇರಿಸ್‌ವಿಲ್‌ಗೆ ಹೋಗಿ ಅಂಗಡಿ ಇಟ್ಟರು. ಅದೂ ಉಳಿಯಲಿಲ್ಲ. 1851ರಿಂದ ಹೇವರಿಲ್ ಊರಿನಲ್ಲಿ ನಡೆಸಿದ ಅಂಗಡಿ 1855ರಲ್ಲಿ ದಿವಾಳಿಯಾಯಿತು. ವಿಸ್ಕಾನ್ಸಿನ್‌ನಲ್ಲಿ ಭೂಮಿ ವ್ಯವಹಾರಕ್ಕೆ ಕೈಹಾಕಿ ಅಲ್ಲಿಯೂ ನಿಲ್ಲಲಿಲ್ಲ. ಕೊನೆಗೆ 1858ರ ಅಕ್ಟೋಬರ್ ಕೊನೆಯಲ್ಲಿ ನ್ಯೂಯಾರ್ಕಿನ ಸಿಕ್ಸ್ತ್ ಅವೆನ್ಯೂದಲ್ಲಿ, 14ನೇ ಬೀದಿಯ ಹತ್ತಿರ, ಚಿಕ್ಕದೊಂದು ಅಂಗಡಿ. ಮೊದಲ ದಿನದ ವ್ಯಾಪಾರ 11 ಡಾಲರ್ 6 ಸೆಂಟ್. ಉದ್ರಿ ಇಲ್ಲ, ಚೌಕಾಸಿ ಇಲ್ಲ, ನಗದು ಮಾತ್ರ.

ಈ ಊರೂರು ಅಲೆದಾಟ ಕಥೆಗೆ ಸೊಗಸು, ದಾಖಲೆ ಹುಡುಕುವವನಿಗೆ ತಲೆನೋವು. ನ್ಯಾಂಟಕೆಟ್, ಬಾಸ್ಟನ್, ಮೇರಿಸ್‌ವಿಲ್, ಹೇವರಿಲ್, ವಿಸ್ಕಾನ್ಸಿನ್, ನ್ಯೂಯಾರ್ಕ್, ಕೊನೆಗೆ ಪ್ಯಾರಿಸ್: ಪ್ರತಿಯೊಂದು ಊರಿಗೂ ಬೇರೆ ಕಚೇರಿ, ಬೇರೆ ಬಗೆಯ ಕಡತ.

ನ್ಯಾಂಟಕೆಟ್‌ಗೆ ಸಂಬಂಧಪಟ್ಟಂತೆ ನಿಮ್ಮ ಅದೃಷ್ಟ ಚೆನ್ನಾಗಿದೆ. 19ನೇ ಶತಮಾನದಲ್ಲಿ ಎಲೈಝಾ ಸ್ಟಾರ್‌ಬಕ್ ಬಾರ್ನಿ ಎಂಬಾಕೆ ಆ ದ್ವೀಪದ ಮನೆತನಗಳ ಹುಟ್ಟು, ಮದುವೆ, ಸಾವುಗಳನ್ನು ಆರು ಸಂಪುಟಗಳಲ್ಲಿ ಕೈಬರಹದಲ್ಲಿ ಕೂಡಿಸಿಟ್ಟಳು. 40,000ಕ್ಕೂ ಹೆಚ್ಚು ಜನರ ಹೆಸರು ಅದರಲ್ಲಿದೆ. ನ್ಯಾಂಟಕೆಟ್ ಐತಿಹಾಸಿಕ ಸಂಘ ಅದನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಮೇಸಿ ವಂಶದ ಮೂಲಪುರುಷ ಥಾಮಸ್ ಮೇಸಿ 1659ರಲ್ಲಿ ಮನೆಮಂದಿಯೊಂದಿಗೆ ದ್ವೀಪಕ್ಕೆ ಬಂದು ನೆಲೆಸಿದವನು. ಅಲ್ಲಿಂದ ರೋಲಂಡ್‌ವರೆಗಿನ ಕೊಂಡಿಗಳನ್ನು ಒಂದೊಂದಾಗಿ ಅದರಲ್ಲಿ ಹಿಡಿಯಬಹುದು. ಆದರೆ ಬಾರ್ನಿಯವರ ಸಂಪುಟ ಮೂಲ ದಾಖಲೆಯಲ್ಲ, ಸಂಗ್ರಹ. ಅದರಲ್ಲಿ ಸಿಕ್ಕ ಪ್ರತಿ ದಿನಾಂಕವನ್ನೂ ಮ್ಯಾಸಚೂಸೆಟ್ಸ್ ಊರುಗಳ 1850ರವರೆಗಿನ ಮುದ್ರಿತ ಜನನ-ಮರಣ ಸಂಪುಟದ ಜೊತೆ ಹೋಲಿಸಿ ನೋಡಿ.

ಹೋಲಿಸುವಾಗ ಎರಡು ಗುಂಡಿಗಳಿವೆ. ಒಂದು, ಕ್ವೇಕರ್ ತಾರೀಕು. ಕ್ವೇಕರರು ತಿಂಗಳಿಗೆ ಹೆಸರು ಹೇಳುತ್ತಿರಲಿಲ್ಲ, ಸಂಖ್ಯೆ ಬರೆಯುತ್ತಿದ್ದರು. 1752ಕ್ಕಿಂತ ಮೊದಲು ಇಂಗ್ಲಿಷರ ವಸಾಹತುಗಳಲ್ಲಿ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಹಾಗಾಗಿ ‘ಒಂದನೇ ತಿಂಗಳು’ ಎಂದರೆ ಮಾರ್ಚ್. ‘1720ರ ಹನ್ನೊಂದನೇ ತಿಂಗಳು’ ಎಂದಿದ್ದರೆ ಅದು ನವೆಂಬರ್ ಅಲ್ಲ, ನಮ್ಮ ಲೆಕ್ಕದ 1721ರ ಜನವರಿ. ಇದನ್ನು ಮರೆತರೆ ಮದುವೆಗೆ ಮೊದಲೇ ಮಗು ಹುಟ್ಟಿದ ಹಾಗೆ, ತಾಯಿ ಸತ್ತ ಮೇಲೆ ಮಗು ಹುಟ್ಟಿದ ಹಾಗೆ ಕಾಣುತ್ತದೆ. ಅಂತರ್ಜಾಲದ ವಂಶವೃಕ್ಷಗಳಲ್ಲಿ ಇಂಥ ಪವಾಡಗಳು ಬೇಕಾದಷ್ಟಿವೆ.

ಎರಡನೆಯದು ಹೆಸರುಗಳ ಪುನರಾವರ್ತನೆ. ಮೇಸಿ, ಕಾಫಿನ್, ಫೋಲ್ಜರ್, ಸ್ಟಾರ್‌ಬಕ್, ಹಸ್ಸಿ, ಗಾರ್ಡ್‌ನರ್: ಇಷ್ಟೇ ಮನೆತನಗಳು ತಲೆಮಾರುಗಟ್ಟಲೆ ತಮ್ಮತಮ್ಮಲ್ಲೇ ಕೊಟ್ಟು ತಂದು ಮಾಡಿಕೊಂಡವು. ಅದೇ ಹೆಸರಿನ ನಾಲ್ವರು ಒಂದೇ ಕಾಲದಲ್ಲಿ ಬದುಕಿರುವುದು ಅಲ್ಲಿ ಮಾಮೂಲು. ಬರೀ ಹೆಸರು ಮತ್ತು ಹುಟ್ಟಿದ ವರ್ಷ ಹೊಂದಿತೆಂದು ಒಪ್ಪಿಕೊಳ್ಳಬೇಡಿ. ಹೆಂಡತಿಯ ಹೆಸರು, ತಂದೆಯ ಹೆಸರು, ಒಬ್ಬ ಮಗುವಿನ ಹೆಸರು, ಈ ಮೂರರಲ್ಲಿ ಎರಡಾದರೂ ಹೊಂದಬೇಕು.

ಹಡಗಿನ ವಿಷಯಕ್ಕೆ ಬಂದರೆ, ನ್ಯೂ ಬೆಡ್‌ಫರ್ಡ್‌ನ ತಿಮಿಂಗಿಲ ಬೇಟೆ ವಸ್ತುಸಂಗ್ರಹಾಲಯದವರ ನಾವಿಕರ ಪಟ್ಟಿ ಅಂತರ್ಜಾಲದಲ್ಲಿದೆ. ಇಂಥ ಪಟ್ಟಿಗಳಲ್ಲಿ ವಯಸ್ಸು, ಎತ್ತರ, ಮೈಬಣ್ಣ, ಕೂದಲ ಬಣ್ಣ ಬರೆಯುವ ರೂಢಿ. ಮೇಸೀಸ್‌ನ ಲಾಂಛನವಾದ ಕೆಂಪು ನಕ್ಷತ್ರ ಮೇಸಿಯ ಮೈಮೇಲೆ ಹಡಗಿನಲ್ಲಿ ಹಾಕಿಸಿಕೊಂಡ ಹಚ್ಚೆಯಿಂದ ಬಂದದ್ದು ಎನ್ನುವ ಕಥೆ ಎಲ್ಲರಿಗೂ ಪ್ರಿಯ. ಮಂಜು ಕವಿದ ರಾತ್ರಿ ಒಂದು ನಕ್ಷತ್ರ ಅವನಿಗೆ ದಡ ತೋರಿಸಿತು ಎನ್ನುವ ಇನ್ನೊಂದು ಕಥೆಯೂ ಇದೆ. ಎರಡನ್ನೂ ‘ಹೇಳುತ್ತಾರೆ’ ಎಂದೇ ಬರೆಯಿರಿ.

ದಿವಾಳಿಯಾದ ಅಂಗಡಿಗಳ ಬಗ್ಗೆ ತಿಳಿಯಲು ವಂಶಾವಳಿ ಬರೆಯುವವರು ಸಾಮಾನ್ಯವಾಗಿ ಮುಟ್ಟದ ಒಂದು ಗಣಿ ಇದೆ: ಆರ್. ಜಿ. ಡನ್ ಕಂಪನಿಯ ಸಾಲಯೋಗ್ಯತಾ ವರದಿಗಳು. 19ನೇ ಶತಮಾನದ ವರ್ತಕರಿಗೆ ಉದ್ರಿ ಕೊಡಬಹುದೇ ಬೇಡವೇ ಎಂದು ಊರೂರಿನ ವರದಿಗಾರರು ಗುಟ್ಟಾಗಿ ಬರೆದು ಕಳಿಸುತ್ತಿದ್ದ ಟಿಪ್ಪಣಿಗಳು ಇವು. ಮೂಲ ಸಂಪುಟಗಳು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಬೇಕರ್ ಗ್ರಂಥಾಲಯದಲ್ಲಿವೆ. ಮನುಷ್ಯನ ನಡತೆ, ಕುಡಿತ, ಮಾವನ ಮನೆಯ ಆಸ್ತಿ, ಹಿಂದೆ ಎಲ್ಲಿ ಸೋತ, ಎಲ್ಲವೂ ಅಂಥ ಟಿಪ್ಪಣಿಗಳಲ್ಲಿ ಸಿಗುತ್ತವೆ. ಜನಗಣತಿಯವನು ಹತ್ತು ವರ್ಷಕ್ಕೊಮ್ಮೆ ಬಾಗಿಲು ತಟ್ಟುತ್ತಾನೆ, ಡನ್ ವರದಿಗಾರ ಒಂದೇ ವರ್ಷದಲ್ಲಿ ಮತ್ತೆ ಮತ್ತೆ ಬರೆಯಬಹುದು. ಸಂಪುಟಗಳು ರಾಜ್ಯ ಮತ್ತು ಕೌಂಟಿವಾರು ಇವೆ. ಹೇವರಿಲ್ ಎಸೆಕ್ಸ್ ಕೌಂಟಿಗೆ ಸೇರುತ್ತದೆ ಎಂಬುದನ್ನು ನೆನಪಿಟ್ಟು ಕೇಳಿ.

ಇನ್ನು ಮೇಸಿಯ ಮಕ್ಕಳು. ಅವನಿಗೆ ರೋಲಂಡ್ ಎಂಬ ಮಗ, ಫ್ಲಾರೆನ್ಸ್ ಎಂಬ ಮಗಳು. ಮಗನನ್ನು ಮೇಸಿ ಪಾಲುದಾರನನ್ನಾಗಿ ಮಾಡಿಕೊಳ್ಳಲಿಲ್ಲ. ‘ಮೇಸಿ ವಂಶದ ಕೈಲಿ ಮಳಿಗೆ’ ಎನ್ನುವ ಮಾತು ನೇರ ಸಂತಾನದ ಅರ್ಥದಲ್ಲಿ ಇಲ್ಲಿಗೇ ಮುಗಿಯಿತು. ಮುಂದಿನದು ನಂಟರು, ಅಳಿಯಂದಿರು, ಕೆಲಸಗಾರರ ಕಥೆ, ಮತ್ತು ನನ್ನ ಮಟ್ಟಿಗೆ ನಿಮ್ಮ ಲೇಖನದ ತಿರುಳು ಇರಬೇಕಾದ್ದು ಇಲ್ಲೇ.

1860ರಲ್ಲಿ ನ್ಯಾಂಟಕೆಟ್‌ನ ಮಾರ್ಗರೆಟ್ ಗೆಚೆಲ್ ಎಂಬ ಹುಡುಗಿ, ಮೇಸಿಯ ದೂರದ ಸಂಬಂಧಿ, ಅಂಗಡಿಗೆ ಕ್ಯಾಷಿಯರ್ ಆಗಿ ಸೇರಿದಳು. ಮೊದಲು ಶಾಲೆಯ ಮೇಡಂ ಆಗಿದ್ದವಳು, ಒಂದು ಕಣ್ಣು ಗಾಜಿನದು, ಲೆಕ್ಕದಲ್ಲಿ ನಿಸ್ಸೀಮೆ. 1866ರ ಹೊತ್ತಿಗೆ ಇಡೀ ಮಳಿಗೆಯ ಸೂಪರಿಂಟೆಂಡೆಂಟ್. ಆ ಕಾಲದ ಅಮೆರಿಕದಲ್ಲಿ ಅಷ್ಟು ದೊಡ್ಡ ವ್ಯಾಪಾರವನ್ನು ನಡೆಸಿದ ಹೆಂಗಸರನ್ನು ಬೆರಳಲ್ಲಿ ಎಣಿಸಬಹುದು. 1869ರಲ್ಲಿ ಆಕೆ ಏಬಿಯಲ್ ಲಾ ಫೋರ್ಜ್‌ನನ್ನು ಮದುವೆಯಾದಳು. ಅವನು ಅಂತರ್ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದವನು, ಮಳಿಗೆಗೆ ಸರಕು ಖರೀದಿಸುವವನಾಗಿ ಸೇರಿಕೊಂಡಿದ್ದ. 1872ರಲ್ಲಿ ಮೇಸಿ ಪಾಲುದಾರಿಕೆ ಕೊಟ್ಟದ್ದು ಗಂಡನಿಗೆ, ಮಳಿಗೆಯನ್ನು ಬೆಳೆಸಿದ್ದ ಹೆಂಡತಿಗಲ್ಲ.

ಮಾರ್ಗರೆಟ್‌ಳನ್ನು ದಾಖಲೆಗಳಲ್ಲಿ ಹುಡುಕುವವರು ಎಡವುವುದು ಹೆಸರಿನಲ್ಲಿ. 1860ರ ಗಣತಿಯಲ್ಲಿ ಅವಳು ಗೆಚೆಲ್, 1870ರದ್ದರಲ್ಲಿ ಲಾ ಫೋರ್ಜ್, 1880ರ ಗಣತಿ ನಡೆದದ್ದು ಜೂನ್‌ನಲ್ಲಿ, ಅವಳು ಅದೇ ಜನವರಿಯಲ್ಲಿ ತೀರಿಕೊಂಡಿದ್ದಳು. ಲಾ ಫೋರ್ಜ್ ಎಂಬುದನ್ನು ಗಣತಿದಾರರು ಒಂದೇ ಪದವಾಗಿಯೂ ಬರೆಯಬಹುದು, ಎರಡು ಪದವಾಗಿಯೂ ಬರೆಯಬಹುದು, ಎರಡೂ ರೀತಿಯಲ್ಲಿ ಹುಡುಕಿ. 1870ರ ಗಣತಿಯನ್ನು ನ್ಯೂಯಾರ್ಕ್ ನಗರದಲ್ಲಿ ಎರಡು ಸಲ ನಡೆಸಿದರು, ಮೊದಲ ಸಲ ಜನಸಂಖ್ಯೆ ಕಡಿಮೆ ತೋರಿಸಿದ್ದಾರೆಂಬ ದೂರಿನ ಮೇಲೆ. ಒಂದರಲ್ಲಿ ಸಿಗದವರು ಇನ್ನೊಂದರಲ್ಲಿ ಸಿಗುವುದುಂಟು. ಮೊದಲನೆಯದರಲ್ಲಿ ಸಿಕ್ಕರೂ ಎರಡನೆಯದನ್ನು ನೋಡದೆ ಬಿಡಬೇಡಿ, ಆರು ತಿಂಗಳಲ್ಲಿ ಮನೆ ಬದಲಾಗಿರಬಹುದು, ಮಗು ಹುಟ್ಟಿರಬಹುದು. 1890ರ ಗಣತಿಯಂತೂ 1921ರ ಬೆಂಕಿ ಅನಾಹುತದಿಂದಾಗಿ ಬಹುಪಾಲು ಉಳಿದೇ ಇಲ್ಲ. ಆ ಇಪ್ಪತ್ತು ವರ್ಷದ ಕಂದಕ ದಾಟಲು ವರ್ಷವರ್ಷ ಅಚ್ಚಾಗುತ್ತಿದ್ದ ನಗರದ ವಿಳಾಸ ಪುಸ್ತಕಗಳೇ ಸೇತುವೆ. ಅವುಗಳಲ್ಲಿ ವಿಧವೆಯ ಹೆಸರಿನ ಪಕ್ಕದಲ್ಲಿ ಸತ್ತ ಗಂಡನ ಹೆಸರನ್ನೂ ಹಾಕುತ್ತಿದ್ದರು, ಹಾಗಾಗಿ ಸಾವಿನ ವರ್ಷವನ್ನು ಅಂದಾಜು ಮಾಡಬಹುದು.

ಪಾಲುದಾರಿಕೆಯ ಹಾಳೆಗೆ ಮರಳೋಣ. ಲಾ ಫೋರ್ಜ್ ಜೊತೆಗೆ ಎರಡನೇ ಪಾಲುದಾರನಾಗಿ ಬಂದವನು ಮೇಸಿಯ ಸೋದರಳಿಯ ರಾಬರ್ಟ್ ಮೇಸಿ ವ್ಯಾಲೆಂಟೈನ್. 1877ರಲ್ಲಿ ಮೇಸಿ ಸತ್ತಾಗ ಇವರಿಬ್ಬರೂ ಅವನ ಪಾಲನ್ನು ಕೊಂಡರು. 1878ರಲ್ಲಿ ಲಾ ಫೋರ್ಜ್ ಕ್ಷಯದಿಂದ ಸತ್ತ. 1879ರಲ್ಲಿ ವ್ಯಾಲೆಂಟೈನ್ ಸತ್ತ. ಎರಡು ವರ್ಷದೊಳಗೆ ಮೂವರು. ವ್ಯಾಲೆಂಟೈನ್‌ನ ವಿಧವೆ ಜೋಸೆಫಿನ್‌ಳನ್ನು ಮಳಿಗೆಯೊಳಗೇ ಬೆಳೆದು ಪಾಲುದಾರನಾದ ಚಾರ್ಲ್ಸ್ ವೆಬ್‌ಸ್ಟರ್ ಮದುವೆಯಾದ. ಅವನ ಜೊತೆ ನಿಂತವನು ವ್ಯಾಲೆಂಟೈನ್‌ನ ಸಹೋದರಿ ಹ್ಯಾರಿಯಟ್‌ಳ ಗಂಡ ಜೆರೋಮ್ ವೀಲರ್. ಅಂದರೆ ಮೇಸಿ ರಕ್ತ ಈ ಹಂತದಲ್ಲಿ ಮಳಿಗೆಯೊಳಗೆ ಉಳಿದಿದ್ದದ್ದು ಹ್ಯಾರಿಯಟ್ ಎಂಬ ಒಬ್ಬ ಸೋದರ ಸೊಸೆಯ ಮೂಲಕ, ಅದೂ ಗಂಡನ ಹೆಸರಿನಲ್ಲಿ. ವೀಲರ್‌ಗೆ ಕೊಲರಾಡೋದ ಆಸ್ಪೆನ್ ಬೆಳ್ಳಿ ಗಣಿಗಳ ಮೇಲೆ ಮನಸ್ಸು ಹೋಯಿತು, 1887ರ ಕೊನೆಯಲ್ಲಿ ಬಿಟ್ಟು ನಡೆದ. ಆಸ್ಪೆನ್‌ನಲ್ಲಿ ಇಂದಿಗೂ ಅವನ ಹೆಸರಿನ ಒಂದು ಹೋಟೆಲ್ಲೂ ಒಂದು ರಂಗಮಂದಿರವೂ ಇವೆ.

ಇಂಥ ಬದಲಾವಣೆಗಳನ್ನು ಖಚಿತ ಪಡಿಸಿಕೊಳ್ಳಲು ಎರಡು ಕಡೆ ನೋಡಬೇಕು. ಒಂದು, ಪತ್ರಿಕೆಗಳಲ್ಲಿ ಬರುತ್ತಿದ್ದ ಪಾಲುದಾರಿಕೆ ವಿಸರ್ಜನೆಯ ಪ್ರಕಟಣೆ. ಅದು ಬಹುತೇಕ ಜನವರಿ ಅಥವಾ ಸಾವಿನ ನಂತರದ ವಾರಗಳಲ್ಲಿ ಇರುತ್ತದೆ. ಇನ್ನೊಂದು, ನ್ಯೂಯಾರ್ಕ್ ಕೌಂಟಿಯ ಸರೋಗೇಟ್ ಕೋರ್ಟಿನ ಉಯಿಲು ಕಡತ. ಉಯಿಲಿನ ನಕಲು ಮಾತ್ರ ತರಿಸಿಕೊಂಡು ಸುಮ್ಮನಾಗಬೇಡಿ. ವಾರಸುದಾರರ ಹೆಸರು, ಸಂಬಂಧ, ವಿಳಾಸ ಇರುವುದು ಅದರ ಜೊತೆಗೆ ಸಲ್ಲಿಸಿದ ಅರ್ಜಿಯಲ್ಲಿ. ಉಯಿಲಿನಲ್ಲಿ ಹೆಸರಿಲ್ಲದ ಮಗನೂ ಅರ್ಜಿಯಲ್ಲಿ ಇರಲೇಬೇಕು, ಏಕೆಂದರೆ ನ್ಯಾಯಾಲಯ ಎಲ್ಲ ಹತ್ತಿರದ ವಾರಸುದಾರರಿಗೂ ನೋಟಿಸ್ ಕೊಡಬೇಕಿತ್ತು. ಮೇಸಿ ಸತ್ತದ್ದು ಪ್ಯಾರಿಸ್‌ನಲ್ಲಿ ಆದ್ದರಿಂದ ಮರಣದ ನೋಂದಣಿಯನ್ನು ಅಲ್ಲಿನ ವಾರ್ಡುವಾರು ಪುಸ್ತಕಗಳಲ್ಲಿ ಹುಡುಕಬೇಕು. 1860ರ ನಂತರದ ಪುಸ್ತಕಗಳು ಪ್ಯಾರಿಸ್ ನಗರ ದಾಖಲೆ ಭಂಡಾರದ ಜಾಲತಾಣದಲ್ಲಿವೆ. ಸಮಾಧಿ ಮಾತ್ರ ನ್ಯೂಯಾರ್ಕಿನ ಬ್ರಾಂಕ್ಸ್‌ನ ವುಡ್‌ಲಾನ್‌ನಲ್ಲಿದೆ.

ಈಗ ಸ್ಟ್ರೌಸ್ ಮನೆತನ. ಅವರು ಮೇಸೀಸ್‌ಗೆ ಬಂದದ್ದು ಬಾಡಿಗೆದಾರರಾಗಿ. 1874ರಲ್ಲಿ ಮಳಿಗೆಯ ನೆಲಮಾಳಿಗೆಯಲ್ಲಿ 25 ಅಡಿಗೆ 100 ಅಡಿ ಜಾಗ ಹಿಡಿದು ‘ಎಲ್. ಸ್ಟ್ರೌಸ್ ಅಂಡ್ ಸನ್ಸ್’ ಪಿಂಗಾಣಿ ಮತ್ತು ಗಾಜಿನ ಸಾಮಾನು ಮಾರಲು ಶುರುಮಾಡಿತು. ಬೇಗನೆ ಅದು ಇಡೀ ಮಳಿಗೆಯಲ್ಲೇ ಒಳ್ಳೆಯ ಲಾಭ ತರುವ ವಿಭಾಗವಾಯಿತು. ವೀಲರ್ ಹೊರಟ ಕೂಡಲೇ 1888ರಲ್ಲಿ ವೆಬ್‌ಸ್ಟರ್, ಐಸಿಡೋರ್ ಮತ್ತು ನೇಥನ್ ಸ್ಟ್ರೌಸರನ್ನು ಪಾಲುದಾರರನ್ನಾಗಿ ತೆಗೆದುಕೊಂಡ. 1896ರಲ್ಲಿ ತನ್ನ ಅರ್ಧವನ್ನೂ ಅವರಿಗೇ ಮಾರಿದ. ಹೆರಾಲ್ಡ್ ಸ್ಕ್ವೇರ್‌ನಲ್ಲಿ ನೀವು ನೋಡುವ ಕಟ್ಟಡ 1902ರದ್ದು, ಅಂದರೆ ಪೂರ್ತಿ ಸ್ಟ್ರೌಸರ ಕಾಲದ್ದು. ಮೇಸಿ ಅದನ್ನು ಕಂಡವನೇ ಅಲ್ಲ.

ಇವರ ಮೂಲ ಊರು ಪಲಾಟಿನೇಟ್ ಪ್ರಾಂತ್ಯದ ಓಟರ್‌ಬರ್ಗ್. ತಂದೆ ಲಾಜರಸ್ 1848ರ ಕ್ರಾಂತಿಯ ಪರವಾಗಿದ್ದವನು, ಅದು ಸೋತ ಮೇಲೆ ಅಲ್ಲಿ ಬಾಳುವುದು ಕಷ್ಟವಾಗಿ 1852ರಲ್ಲಿ ಅಮೆರಿಕಕ್ಕೆ ಬಂದ. ಜಾರ್ಜಿಯಾದ ಹಳ್ಳಿಗಳಲ್ಲಿ ಸಾಮಾನು ಹೊತ್ತು ಮಾರಿ, ಟಾಲ್ಬಟನ್ ಊರಲ್ಲಿ ಅಂಗಡಿ ಹಾಕಿದ. 1854ರಲ್ಲಿ ಹೆಂಡತಿ ಸಾರಾ ಮಕ್ಕಳನ್ನು ಕರೆದುಕೊಂಡು ಬಂದಳು: 1845ರಲ್ಲಿ ಹುಟ್ಟಿದ ಐಸಿಡೋರ್, ಹರ್ಮೈನ್, 1848ರ ನೇಥನ್, 1850ರ ಆಸ್ಕರ್. ಇಲ್ಲಿ ಹುಡುಕುವವರು ಮಾಡುವ ಸಾಮಾನ್ಯ ತಪ್ಪೆಂದರೆ ನೇರ ಎಲ್ಲಿಸ್ ಐಲೆಂಡ್ ಜಾಲತಾಣಕ್ಕೆ ಹೋಗುವುದು. ಎಲ್ಲಿಸ್ ಐಲೆಂಡ್ ತೆರೆದದ್ದು 1892ರಲ್ಲಿ. ಅದಕ್ಕೂ ಹಿಂದಿನ ಕ್ಯಾಸಲ್ ಗಾರ್ಡನ್ ಕೂಡ 1855ರದ್ದು. 1854ರಲ್ಲಿ ಬಂದವರಿಗೆ ನ್ಯೂಯಾರ್ಕ್ ಬಂದರಿನ 1820ರಿಂದ 1897ರವರೆಗಿನ ಪ್ರಯಾಣಿಕರ ಪಟ್ಟಿಯೇ ಗತಿ. ರಾಷ್ಟ್ರೀಯ ದಾಖಲೆ ಭಂಡಾರದ ಮೈಕ್ರೋಫಿಲ್ಮ್ ಸಂಖ್ಯೆ ಎಂ-237.

ಓಟರ್‌ಬರ್ಗ್‌ನಿಂದ ಹಿಂದಕ್ಕೆ ಹೋಗಬೇಕಾದರೆ ‘ಸ್ಟ್ರೌಸ್’ ಎಂಬ ಹೆಸರೇ ಒಂದು ಹಂತದಲ್ಲಿ ನಿಂತುಹೋಗುತ್ತದೆ. ರೈನ್ ನದಿಯ ಎಡದಂಡೆ ಆಗ ನೆಪೋಲಿಯನ್ನನ ಫ್ರಾನ್ಸಿನ ಕೈಲಿತ್ತು. 1808ರ ಆಜ್ಞೆಯಂತೆ ಯಹೂದಿಗಳೆಲ್ಲ ಖಾಯಂ ಮನೆತನದ ಹೆಸರು ನೋಂದಾಯಿಸಬೇಕಾಯಿತು. ಈ ಸಹೋದರರ ಮುತ್ತಜ್ಜ ಜೇಕಬ್ ಲಾಜರ್, ನೆಪೋಲಿಯನ್ ಕರೆಸಿದ ಯಹೂದಿ ಮುಖಂಡರ ಸಭೆಯಲ್ಲಿದ್ದವನು, ಆಗ ಸ್ಟ್ರೌಸ್ ಆದ. ಅದಕ್ಕೆ ಮೊದಲು ತಂದೆಯ ಹೆಸರೇ ಎರಡನೇ ಹೆಸರು. ಅಪ್ಪನ ಹೆಸರನ್ನು ಇನಿಷಿಯಲ್ಲಾಗಿ ಇಟ್ಟುಕೊಂಡ ನಮಗೆ ಈ ಪದ್ಧತಿ ಬಿಡಿಸಿ ಹೇಳಬೇಕಿಲ್ಲ. 1808ರ ಹೆಸರು ಘೋಷಣೆಯ ಪಟ್ಟಿಯಲ್ಲಿ ಹಳೆಯ ಹೆಸರು, ಹೊಸ ಹೆಸರು ಎರಡೂ ಇರುತ್ತವೆ. ಅದನ್ನು ಹಿಡಿಯದೆ ಹಿಂದಕ್ಕೆ ದಾಟುವಂತಿಲ್ಲ.

1798ರಿಂದ 1805ರ ಕೊನೆಯವರೆಗಿನ ಅಲ್ಲಿನ ನೋಂದಣಿಯಲ್ಲಿ ಫ್ರೆಂಚ್ ಗಣರಾಜ್ಯದ ಪಂಚಾಂಗ ಬಳಸಿದ್ದಾರೆ. ‘ಏಳನೇ ವರ್ಷ, ವಾಂದೆಮಿಯೇರ್ 10’ ಎಂದರೆ 1798ರ ಅಕ್ಟೋಬರ್ 1. ಬಾಯಿಲೆಕ್ಕ ಬೇಡ, ಪರಿವರ್ತನೆ ಕೋಷ್ಟಕ ನೋಡಿ, ಏಕೆಂದರೆ ವರ್ಷ ಶುರುವಾಗುವ ದಿನ ಸೆಪ್ಟೆಂಬರ್ 22ರಿಂದ 24ರವರೆಗೆ ಹೊಯ್ದಾಡುತ್ತದೆ. ಇನ್ನೊಂದು ಸಿಕ್ಕು: ಲಾಜರಸ್ ಮತ್ತು ಸಾರಾ ಒಂದೇ ಮನೆತನದವರು, ತಾಯಿಯ ತವರಿನ ಹೆಸರೂ ಸ್ಟ್ರೌಸ್. ಲಾಜರಸ್‌ಗೆ ಇದು ಎರಡನೇ ಮದುವೆ. ತಂತ್ರಾಂಶದಲ್ಲಿ ತುಂಬುವಾಗ ಇದನ್ನು ‘ತಪ್ಪು’ ಎಂದು ತಿದ್ದಿ, ತಾಯಿಯ ತವರಿನ ಹೆಸರನ್ನು ಖಾಲಿ ಬಿಟ್ಟ ಪ್ರತಿಗಳು ಸಿಕ್ಕರೆ ನಂಬಬೇಡಿ.

ಟಾಲ್ಬಟನ್ ಕಾಲದ ಒಂದು ಸಂಗತಿಯನ್ನು ಸಂಚಿಕೆಯ ಲೇಖನಗಳಲ್ಲಿ ನುಂಗಿಬಿಡುವುದು ವಾಡಿಕೆ: ಆ ಕುಟುಂಬ ಮನೆಗೆಲಸಕ್ಕೆ ಗುಲಾಮರನ್ನು ಇಟ್ಟುಕೊಂಡಿತ್ತು. ಆಸ್ಕರ್ ತನ್ನ ಆತ್ಮಕಥನದಲ್ಲೇ ಅದನ್ನು ಬರೆದಿದ್ದಾನೆ. 1860ರ ಗಣತಿಯ ಗುಲಾಮರ ಪಟ್ಟಿಯಲ್ಲಿ ಹೆಸರು ಬರೆಯುತ್ತಿದ್ದದ್ದು ಒಡೆಯನದ್ದು, ಗುಲಾಮರದ್ದು ವಯಸ್ಸು, ಲಿಂಗ, ಬಣ್ಣ ಅಷ್ಟೇ. ಬರೆಯಿರಿ, ಬಿಡಬೇಡಿ.

1863ರಲ್ಲಿ ಟಾಲ್ಬಟನ್‌ನ ನ್ಯಾಯದರ್ಶಿ ಮಂಡಳಿ ಯಹೂದಿ ವರ್ತಕರನ್ನು ದೂಷಿಸಿದಾಗ ಲಾಜರಸ್ ಮನನೊಂದು ಜಾರ್ಜಿಯಾದ ಕೊಲಂಬಸ್ ಊರಿಗೆ ಹೋದ. ಅದೇ ವರ್ಷ ಐಸಿಡೋರ್, ಅಂತರ್ಯುದ್ಧದಲ್ಲಿ ಉತ್ತರದವರು ಹಾಕಿದ್ದ ದಿಗ್ಬಂಧನ ಮುರಿಯುವ ದಕ್ಷಿಣದವರ ಹಡಗು ವ್ಯವಹಾರಕ್ಕೆಂದು ಯುರೋಪಿಗೆ ಹೊರಟ. 1865ರಲ್ಲಿ ಕೊಲಂಬಸ್ ಸುಟ್ಟಿತು, ಯುದ್ಧ ಮುಗಿಯಿತು, ಕುಟುಂಬ ಉತ್ತರಕ್ಕೆ ಬಂತು. 1866ರಲ್ಲಿ ಪಿಂಗಾಣಿ ವ್ಯಾಪಾರ. ಮೂವರು ಸಹೋದರರಲ್ಲಿ ಆಸ್ಕರ್ ರಾಜಕೀಯಕ್ಕೆ ಹೊರಳಿ 1906ರಲ್ಲಿ ಅಮೆರಿಕದ ಸಂಪುಟ ಸೇರಿದ ಮೊದಲ ಯಹೂದಿಯಾದ. ನೇಥನ್ 1893ರಿಂದ ಬಡ ಮಕ್ಕಳಿಗೆ ಪಾಶ್ಚರೀಕರಿಸಿದ ಹಾಲು ಹಂಚುವ ಕೇಂದ್ರಗಳನ್ನು ತೆರೆದ. ಇಸ್ರೇಲಿನ ನೆತನ್ಯಾ ಪಟ್ಟಣ ಅವನ ಹೆಸರಿನದು.

ಐಸಿಡೋರ್ ಮತ್ತು ಐಡಾ 1871ರಲ್ಲಿ ಮದುವೆಯಾದರು. ಟೈಟಾನಿಕ್ ಮುಳುಗಿದ 1912ರ ಏಪ್ರಿಲ್ 15ರಂದು ಅವನಿಗೆ 67, ಅವಳಿಗೆ 63. ಅವನ ದೇಹವನ್ನು ‘ಮೆಕೇ-ಬೆನೆಟ್’ ಹಡಗು ಎತ್ತಿತು, ಸಂಖ್ಯೆ 96. ಹ್ಯಾಲಿಫ್ಯಾಕ್ಸ್‌ಗೆ ತಂದ ದೇಹಗಳ ವಿವರ ಪಟ್ಟಿ ನೋವಾ ಸ್ಕೋಷಿಯಾ ದಾಖಲೆ ಭಂಡಾರದಲ್ಲಿದೆ, ತೊಟ್ಟ ಬಟ್ಟೆ, ಜೇಬಿನ ವಸ್ತುಗಳ ಸಮೇತ. ಐಡಾ ಸಿಗಲೇ ಇಲ್ಲ. ಅವಳು ಗಂಡನನ್ನು ಬಿಟ್ಟು ದೋಣಿ ಹತ್ತಲಿಲ್ಲ ಎಂಬುದಕ್ಕೆ ಬದುಕಿ ಬಂದವರ ಸಾಕ್ಷ್ಯವಿದೆ. ಆದರೆ ಆಗ ಆಡಿದ ಮಾತು ಇದೇ ಎಂದು ಉದ್ಧರಣ ಚಿಹ್ನೆಯೊಳಗೆ ಹಾಕುವ ವಾಕ್ಯಗಳು ಒಂದೊಂದು ಕಡೆ ಒಂದೊಂದು ರೀತಿ ಇವೆ. ಉದ್ಧರಿಸದೆ ಸಾರಾಂಶ ಬರೆಯುವುದು ಕ್ಷೇಮ.

ಆಮೇಲೆ ಐಸಿಡೋರ್‌ನ ಗಂಡುಮಕ್ಕಳಾದ ಜೆಸ್ಸಿ, ಪರ್ಸಿ, ಹರ್ಬರ್ಟ್ ಮೇಸೀಸ್ ಹಿಡಿದರು. ನೇಥನ್ ಶಾಖೆ ಬ್ರೂಕ್ಲಿನ್‌ನ ಅಬ್ರಹಾಂ ಅಂಡ್ ಸ್ಟ್ರೌಸ್ ಮಳಿಗೆಯ ಕಡೆಗೆ ಸರಿಯಿತು. ‘ಸ್ಟ್ರೌಸ್ ಕುಟುಂಬ’ ಎಂದು ಒಟ್ಟಾಗಿ ಬರೆಯದೆ ಶಾಖೆ ಹೇಳಿ. 1922ರಲ್ಲಿ ಷೇರುಗಳು ಸಾರ್ವಜನಿಕರಿಗೆ ಬಂದವು. ಅಲ್ಲಿಂದ ಮುಂದೆ ನಿಮ್ಮ ಎರಡನೇ ಹಾಳೆಗೆ ಉಯಿಲುಗಳ ಬದಲು ಕಂಪನಿಯ ವಾರ್ಷಿಕ ವರದಿಗಳು ಬೇಕಾಗುತ್ತವೆ. ಜೆಸ್ಸಿಯ ಮಗ ಜ್ಯಾಕ್ 1968ರವರೆಗೆ ಮುಖ್ಯಸ್ಥನಾಗಿದ್ದ. 1992ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು, 1994ರಲ್ಲಿ ಫೆಡರೇಟೆಡ್ ಸಂಸ್ಥೆ ಕೊಂಡಿತು.

ವಂಶಾವಳಿಯನ್ನು ಜ್ಯಾಕ್‌ನ ತಲೆಮಾರಿಗೆ ನಿಲ್ಲಿಸಿ. ಅದರಾಚೆಗೆ ಇರುವವರಲ್ಲಿ ಹಲವರು ಬದುಕಿದ್ದಾರೆ, ಅವರ ಹೆಸರು, ಹುಟ್ಟಿದ ದಿನ ಅಚ್ಚು ಹಾಕಲು ಅವರ ಒಪ್ಪಿಗೆ ಬೇಕು. ಚಿತ್ರದ ಅಡಿಬರಹದಲ್ಲಿ ‘ಸಹಮಾಲೀಕ ಐಸಿಡೋರ್ ಸ್ಟ್ರೌಸ್’ ಎಂದು ಹಾಕಿ. ‘ಸ್ಥಾಪಕ’ ಎಂಬುದನ್ನು ಮೇಸಿಯ ಚಿತ್ರಕ್ಕೆ ಉಳಿಸಿಕೊಳ್ಳಿ, ಮತ್ತು ಜಾಗ ಸಿಕ್ಕರೆ ಮಾರ್ಗರೆಟ್ ಗೆಚೆಲ್‌ಳ ಒಂದು ಚಿತ್ರವನ್ನೂ ಸೇರಿಸಿ.